ಗೀಸರು ಕೆಟ್ಟ ಮನೆಯ ಲೆಕ್ಕಾಚಾರ

ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ತೆಲಂಗಾಣ ರಾಜ್ಯದ ಅತಿ ಶೀತಲವಾದ ಊರು ಯಾವುದೆಂದು ವೃತ್ತಪತ್ರಿಕೆಗಳಲ್ಲಿ ಹುಡುಕುವವರಿಗೆ ಸಂಗಾರೆಡ್ಡಿ ಜಿಲ್ಲೆಯ ಕೋಹೀರಿನ ಹೆಸರು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಸಮುದ್ರಮಟ್ಟದಿಂದ ಸುಮಾರು 600 ಮೀಟರು ಎತ್ತರದಲ್ಲಿ, ಬೀದರಿನ ಪ್ರಸ್ಥಭೂಮಿಗೆ ಹೊಂದಿಕೊಂಡು ಹಬ್ಬಿರುವ ಕೋಹೀರು, ಜಹೀರಾಬಾದು, ಝರಾಸಂಗಂ, ನ್ಯಾಲಕಲ್ಲುಗಳ ಬಯಲಿನಲ್ಲಿ ಆ ದಿನಗಳ ಬೆಳಗಿನ ಜಾವ ಉಷ್ಣತಾಮಾಪಕದ ಅಂಕಿ ಹತ್ತರಿಂದ ಕೆಳಗಿಳಿಯುವುದು ಅಪೂರ್ವವೇನಲ್ಲ. ಝರಾಸಂಗಂನ ಕೇತಕೀ ಸಂಗಮೇಶ್ವರನ ಸನ್ನಿಧಿಯಲ್ಲಿ ಅಮೃತಗುಂಡದ ತಣ್ಣೀರಿಗೆ ಇಳಿಯುವ ಯಾತ್ರಿಕನ ಶ್ರದ್ಧೆ ದೊಡ್ಡದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅವನಿಗಾದರೂ ಅದು ಒಂದು ದಿನದ ವ್ರತ. ಪ್ರತಿದಿನ ಬೆಳಗಾಗೆದ್ದು ಶಾಲೆಗೆ ಹೊರಡುವ ಮಗುವಿಗೆ, ಮನೆಯ ಬಾಣಂತಿಗೆ, ಮೊಣಕಾಲು ಹಿಡಿದು ಕುಳಿತ ಮುದುಕರಿಗೆ ಜಳಕದ ಬಿಸಿನೀರು ಭೋಗವಸ್ತುವಲ್ಲ, ಜೀವನದ ಆವಶ್ಯಕತೆ.

ಆ ಬಿಸಿನೀರನ್ನು ಕೊಡುವ ಗೀಸರು ಕೆಡುವುದೂ ಸಾಮಾನ್ಯವಾಗಿ ಇದೇ ಚಳಿಗಾಲದಲ್ಲಿ. ಬೇಸಗೆಯ ತಿಂಗಳುಗಳಲ್ಲಿ ಸ್ವಿಚ್ಚು ಮುಟ್ಟದೆ ಬಿಟ್ಟ ಯಂತ್ರದ ಒಳಗೆ ಸುಣ್ಣ ಗಟ್ಟಿಯಾಗಿ ಕುಳಿತು, ತುಕ್ಕು ತನ್ನ ಕೆಲಸವನ್ನು ಸದ್ದಿಲ್ಲದೆ ನಡೆಸಿ, ಮೊದಲ ಚಳಿಯಲ್ಲಿ ಪೂರ್ಣಭಾರ ಬಿದ್ದೊಡನೆ ಅದರ ದೌರ್ಬಲ್ಯವೆಲ್ಲ ಹೊರಬೀಳುತ್ತದೆ. ಹಾಗೆ ಕೆಟ್ಟ ದಿನ ಗೃಹಸ್ಥನು ಆತುರದಲ್ಲಿರುತ್ತಾನೆ. ಜಹೀರಾಬಾದಿನ ಪೇಟೆಯಲ್ಲಿಯಾಗಲಿ ಬೀದರಿನಲ್ಲಿಯಾಗಲಿ ಅಂಗಡಿಯವನು ಮುಂದಿಟ್ಟ ಹೊಸ ಪೆಟ್ಟಿಗೆಯ ಮೇಲಿನ ಬೆಲೆಯನ್ನು ಓದಿ, ಒಂದಷ್ಟು ಚೌಕಾಸಿ ಮಾಡಿ, ಆ ಬೆಲೆಯೇ ಬಿಸಿನೀರಿನ ಬೆಲೆಯೆಂದು ನಂಬಿ ಮನೆಗೆ ತರುತ್ತಾನೆ. ಈ ನಂಬಿಕೆ ಸರಿಯಲ್ಲವೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ. ಗೀಸರನ್ನು ಬದಲಿಸುವ ಖರ್ಚು ಪೆಟ್ಟಿಗೆಯ ಮೇಲೆ ಅಚ್ಚಾಗಿರುವುದಿಲ್ಲ. ಅದು ನಮ್ಮ ನೆಲದ ನೀರಿನಲ್ಲಿ, ಗೋಡೆಯೊಳಗಿನ ತಂತಿಯಲ್ಲಿ, ತಿಂಗಳ ಕೊನೆಗೆ ಬರುವ ಕರೆಂಟು ಬಿಲ್ಲಿನಲ್ಲಿ ಹಂಚಿಹೋಗಿದೆ. ಬಹುಮಟ್ಟಿನ ಸಂದರ್ಭಗಳಲ್ಲಿ ಯಂತ್ರವನ್ನು ಬದಲಿಸುವ ಆವಶ್ಯಕತೆಯೇ ಇರುವುದಿಲ್ಲ.

ಈ ಸೀಮೆಯ ಪರಿಚಯವಿಲ್ಲದ ಓದುಗರಿಗೆ ಎರಡು ಮಾತು ಹೇಳಬೇಕು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆಗುವವರೆಗೂ ಜಹೀರಾಬಾದು ಮತ್ತು ನಾರಾಯಣಖೇಡ ತಾಲ್ಲೂಕುಗಳು ಹೈದರಾಬಾದು ರಾಜ್ಯದ ಬೀದರ ಜಿಲ್ಲೆಗೂ, ತಾಂಡೂರು ತಾಲ್ಲೂಕು ಗುಲ್ಬರ್ಗಾ ಜಿಲ್ಲೆಗೂ ಸೇರಿದ್ದವು. ಗಡಿರೇಖೆ ಬದಲಾದರೂ ಮನೆಮಾತು ಬದಲಾಗಲಿಲ್ಲ. ಇಂದಿಗೂ ಇಲ್ಲಿಯ ಅನೇಕ ಹಳ್ಳಿಗಳಲ್ಲಿ ಅಡುಗೆಮನೆಯ ಭಾಷೆ ಕನ್ನಡ, ಕಚೇರಿಯದು ತೆಲುಗು, ಪೇಟೆಯದು ದಖ್ಖನಿ ಉರ್ದು. ಗೀಸರಿನ ಪೆಟ್ಟಿಗೆಯೊಳಗಿನ ವಾರಂಟಿ ಕಾರ್ಡು ಮಾತ್ರ ಇಂಗ್ಲಿಷಿನಲ್ಲಿರುತ್ತದೆ. ಬೀದರಿನಲ್ಲಿ ಕೊಂಡ ಯಂತ್ರ ತೆಲಂಗಾಣದ ಮನೆಯಲ್ಲಿ ಕೆಟ್ಟರೆ ಯಾರನ್ನು ಕೇಳತಕ್ಕದ್ದು ಎಂಬ ಪ್ರಶ್ನೆ ನಡುವೆ ಬಂದ ಈ ಗಡಿಯ ಕಾರಣದಿಂದಲೇ ಹುಟ್ಟುತ್ತದೆ. ಅದಕ್ಕೆ ಉತ್ತರವನ್ನು ಮುಂದೆ ಹೇಳುವೆವು.

ಹಿಂದಿನವರ ಬಚ್ಚಲಮನೆಯಲ್ಲಿ ತಾಮ್ರದ ಹಂಡೆ ಒಲೆಯ ಮೇಲೆ ಕುಳಿತಿರುತ್ತಿತ್ತು. ಅನುಕೂಲವಂತರಲ್ಲಿ ನಡುವೆ ಹೊಗೆಕೊಳವೆಯುಳ್ಳ ತಾಮ್ರದ ಬಂಬ ಇರುತ್ತಿತ್ತು. ತೊಗರಿ ಬೆಳೆಯುವ ತಾಂಡೂರಿನ ಸೀಮೆಯಲ್ಲಿ ರಾಶಿಯಾದ ಮೇಲೆ ಉಳಿಯುವ ತೊಗರಿಕಟ್ಟಿಗೆ, ಹತ್ತಿಕಟ್ಟಿಗೆ, ಕುಳ್ಳು ಇವೇ ಇಂಧನ. ಇವುಗಳಿಗೆ ಹಣ ಕೊಡಬೇಕಾಗಿರಲಿಲ್ಲವಾದ್ದರಿಂದ ಆ ಕಾಲದ ಬಿಸಿನೀರು ಪುಕ್ಕಟೆಯಾಗಿತ್ತೆಂದು ಹೇಳುವವರುಂಟು. ಅದು ನ್ಯಾಯವಾದ ಮಾತಲ್ಲ. ಕಟ್ಟಿಗೆಯನ್ನು ಹೊಲದಿಂದ ತಲೆಯ ಮೇಲೆ ಹೊತ್ತು ತಂದು, ನಸುಕಿನಲ್ಲಿ ಎಲ್ಲರಿಗಿಂತ ಮೊದಲೆದ್ದು ಉರಿ ಹಚ್ಚಿ, ಹೊಗೆಯಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡ ಹೆಣ್ಣುಮಕ್ಕಳ ಶ್ರಮವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ, ಅಷ್ಟೇ. ಗೀಸರು ಈ ಮನೆಗಳಿಗೆ ತಂದುಕೊಟ್ಟ ಬಿಡುಗಡೆ ನಿಜವಾದ ಬಿಡುಗಡೆ. ಆದುದರಿಂದ ಹಂಡೆಗೆ ಹಿಂದಿರುಗಿರೆಂದು ನಾವು ಯಾರಿಗೂ ಹೇಳುವುದಿಲ್ಲ. ಆದರೆ ಹಂಡೆಗೆ ಒಂದು ಗುಣವಿತ್ತು: ಅದರ ಒಳಭಾಗ ಕಣ್ಣಿಗೆ ಕಾಣುತ್ತಿತ್ತು. ತಳದಲ್ಲಿ ಬಿಳಿಯ ಪೊರೆ ಕಟ್ಟಿದರೆ ಮನೆಯಾಕೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ತೂತು ಬಿದ್ದರೆ ಬೋಗಾರನು ಬೆಸುಗೆ ಹಾಕುತ್ತಿದ್ದನು. ಅಜ್ಜಿಯ ಹಂಡೆ ಮೊಮ್ಮಗಳ ಕಾಲಕ್ಕೂ ಬಂದುದು ತಾಮ್ರದ ಮಹಿಮೆಯಿಂದ ಮಾತ್ರವಲ್ಲ, ಈ ನಿತ್ಯದ ಆರೈಕೆಯಿಂದ. ಗೀಸರಾದರೋ ಮುಚ್ಚಿದ ಪಾತ್ರೆ. ಅದರೊಳಗೆ ನಡೆಯುವುದು ಒಡೆಯನಿಗೆ ಕಾಣದು. ಕಾಣದ್ದನ್ನು ಅವನು ಆರೈಕೆ ಮಾಡುವುದೂ ಇಲ್ಲ.

ಅದರ ಒಳಗೇನಿದೆಯೆಂಬುದನ್ನು ಸ್ಥೂಲವಾಗಿ ನೋಡೋಣ. ಹೊರಗಿನ ಕವಚಕ್ಕೂ ಒಳಗಿನ ತೊಟ್ಟಿಗೂ ಮಧ್ಯೆ ಶಾಖ ಹೊರಹೋಗದಂತೆ ಫೋಮು ತುಂಬಿರುತ್ತದೆ. ತೊಟ್ಟಿಯು ಉಕ್ಕಿನದು, ತುಕ್ಕು ಹಿಡಿಯದಂತೆ ಅದಕ್ಕೆ ಗಾಜಿನಂಥ ಲೇಪವಿರುತ್ತದೆ, ಇಲ್ಲವೆ ತೊಟ್ಟಿಯೇ ಸ್ಟೇನ್‌ಲೆಸ್ ಉಕ್ಕಿನದಾಗಿರುತ್ತದೆ. ಬುಡದ ಮುಚ್ಚಳವನ್ನು ಬಿಚ್ಚಿದರೆ ಮೂರು ವಸ್ತುಗಳು ಕಾಣುತ್ತವೆ. ನೀರನ್ನು ಕಾಯಿಸುವ ಎಲಿಮೆಂಟು, ಎಂದರೆ ನಮ್ಮ ಮೆಕ್ಯಾನಿಕರ ಬಾಯಲ್ಲಿ ಕಾಯಿಲು, ಮೊದಲನೆಯದು. ನೀರು ತಕ್ಕಷ್ಟು ಬಿಸಿಯಾದೊಡನೆ ವಿದ್ಯುತ್ತನ್ನು ನಿಲ್ಲಿಸುವ ಥರ್ಮೋಸ್ಟಾಟು ಎರಡನೆಯದು. ಮೂರನೆಯದು ಮೆಗ್ನೀಷಿಯಂ ಲೋಹದ ಒಂದು ಕಡ್ಡಿ, ಅನೋಡು ರಾಡು. ಈ ಮೂರನೆಯದನ್ನು ಕುರಿತು ಸ್ವಲ್ಪ ನಿಂತು ಹೇಳಬೇಕಾಗಿದೆ. ನೀರಿನಲ್ಲಿ ಉಕ್ಕು ಮತ್ತು ಮೆಗ್ನೀಷಿಯಂ ಒಟ್ಟಿಗೆ ಇದ್ದಾಗ ಕೊರೆತವು ಮೊದಲು ಮೆಗ್ನೀಷಿಯಮ್ಮಿಗೆ ತಗಲುತ್ತದೆ. ಕಡ್ಡಿಯು ತಾನು ಸವೆಯುತ್ತ ತೊಟ್ಟಿಯನ್ನು ಉಳಿಸುತ್ತದೆ. ಕಡ್ಡಿ ಪೂರ್ತಿ ಸವೆದುಹೋದ ದಿನದಿಂದ ತುಕ್ಕು ತೊಟ್ಟಿಯ ಕಡೆ ತಿರುಗುತ್ತದೆ. ಗಡಸುನೀರಿನ ಊರುಗಳಲ್ಲಿ ಒಂದೆರಡು ವರ್ಷಕ್ಕೊಮ್ಮೆ ಇದನ್ನು ನೋಡಿ ಬದಲಿಸತಕ್ಕದ್ದು. ಮುನ್ನೂರೋ ಐನೂರೋ ರೂಪಾಯಿಯ ಈ ಕಡ್ಡಿಯನ್ನು ಬದಲಿಸದೆ ಎಂಟು ಸಾವಿರದ ತೊಟ್ಟಿಯನ್ನು ಕಳೆದುಕೊಂಡ ಮನೆಗಳು ಎಷ್ಟೋ.

ಗಡಸುನೀರಿನ ಮಾತು ಬಂದುದರಿಂದ ನೆಲದ ಕಡೆ ನೋಡಬೇಕು. ತಾಂಡೂರಿನ ಹೆಸರು ದೇಶದ ತುಂಬ ಪ್ರಸಿದ್ಧವಾದುದು ಅದರ ಹಾಸುಗಲ್ಲಿನಿಂದ. ನೀಲಿ, ಹಳದಿ ಬಣ್ಣದ ಆ ಶಹಾಬಾದಿ ಜಾತಿಯ ಕಲ್ಲು ಅಪ್ಪಟ ಸುಣ್ಣದಕಲ್ಲು. ಅದೇ ಸುಣ್ಣದ ಪದರಗಳೇ ಆ ಪ್ರದೇಶದ ಸಿಮೆಂಟು ಕಾರ್ಖಾನೆಗಳಿಗೂ ಆಧಾರ. ಝರಾಸಂಗಂ, ಜಹೀರಾಬಾದುಗಳ ಕಡೆ ಮೇಲೆ ಕೆಂಪು ಮುರುಮು, ಅದರ ಕೆಳಗೆ ಕರಿಯ ಬಸಾಲ್ಟು ಶಿಲೆ. ಮಳೆಯ ನೀರು ಮಣ್ಣಿನೊಳಗಿನ ಇಂಗಾಲಾಮ್ಲವನ್ನು ಕೂಡಿಕೊಂಡು ಈ ಶಿಲೆಗಳ ಬಿರುಕುಗಳಲ್ಲಿ ಇಳಿಯುವಾಗ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳನ್ನು ಕರಗಿಸಿಕೊಂಡು ಹೋಗುತ್ತದೆ. ಬೋರು ಆಳಕ್ಕೆ ಇಳಿದಷ್ಟೂ ನೀರು ಶಿಲೆಯ ಸಹವಾಸದಲ್ಲಿ ಹೆಚ್ಚು ಕಾಲ ಕಳೆದುದಾಗಿರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕವು ಲೀಟರಿಗೆ 200 ಮಿಲಿಗ್ರಾಂ ಗಡಸುತನವನ್ನು ಸ್ವೀಕಾರಾರ್ಹವೆಂದೂ, ಬೇರೆ ನೀರಿನ ಮೂಲವಿಲ್ಲದಿದ್ದಲ್ಲಿ 600ರ ವರೆಗೆ ಸಹ್ಯವೆಂದೂ ಹೇಳುತ್ತದೆ. ಕುಡಿಯುವವನಿಗೆ ಸಹ್ಯವಾದುದು ಕಾಯಿಸುವ ಯಂತ್ರಕ್ಕೆ ಸಹ್ಯವಾಗಬೇಕೆಂದಿಲ್ಲ.

ಏತಕ್ಕೆಂದರೆ, ಇಂಥ ನೀರನ್ನು ಕಾಯಿಸಿದಾಗ ಇಂಗಾಲಾಮ್ಲವು ಅನಿಲವಾಗಿ ಹಾರಿಹೋಗಿ, ಕರಗಿದ್ದ ಸುಣ್ಣ ಮತ್ತೆ ಕಲ್ಲಾಗಿ ಕೆಳಗೆ ಕೂರುತ್ತದೆ; ಎಲ್ಲಕ್ಕಿಂತ ಬಿಸಿಯಾದ ಜಾಗವಾದ ಕಾಯಿಲಿನ ಮೈಮೇಲೆ ಮೊದಲು ಕೂರುತ್ತದೆ. ಒಂದು ಲೆಕ್ಕವನ್ನು ಹಾಕಿ ನೋಡಬಹುದು. ಲೀಟರಿಗೆ 400 ಮಿಲಿಗ್ರಾಂ ಗಡಸುತನದ ನೀರು ದಿನಕ್ಕೆ 60 ಲೀಟರು ಗೀಸರಿನ ಮೂಲಕ ಹಾದುಹೋದರೆ ಅದು ಹೊತ್ತು ತರುವ ಸುಣ್ಣ 24 ಗ್ರಾಂ. ಇದರಲ್ಲಿ ಹತ್ತರಲ್ಲೊಂದು ಪಾಲು ಮಾತ್ರ ಒಳಗೆ ಉಳಿಯಿತೆಂದು ಹಿಡಿದರೂ ವರ್ಷವಿಡೀ ಬಳಸುವ ಮನೆಯಲ್ಲಿ ಅದು ಮುಕ್ಕಾಲು ಕಿಲೋವನ್ನು ಮೀರುತ್ತದೆ. ಸುಣ್ಣ ಕಟ್ಟಿದ ಗೀಸರು ಎರಡರಷ್ಟು ಕರೆಂಟು ತಿನ್ನುತ್ತದೆಂಬ ಮಾತು ಪೇಟೆಯಲ್ಲಿ ಪ್ರಚಲಿತವಾಗಿದೆ. ಅದು ಪೂರ್ಣ ಸತ್ಯವಲ್ಲ. ಕಾಯಿಲಿನ ಶಾಖ ತಡವಾಗಿಯಾದರೂ ನೀರಿಗೇ ಸೇರುತ್ತದೆ. ನಿಜವಾದ ಕೇಡು ಬೇರೆ: ಸುಣ್ಣದ ಹೊದಿಕೆಯೊಳಗೆ ಸಿಕ್ಕಿಕೊಂಡ ಕಾಯಿಲು ತನ್ನ ಶಾಖವನ್ನು ಹೊರಹಾಕಲಾರದೆ ಮಿತಿಮೀರಿ ಕಾದು, ಕೊನೆಗೆ ತಾನೇ ಸುಟ್ಟುಹೋಗುತ್ತದೆ.

ಝರಾಸಂಗಂ ಮಂಡಲದ ಒಂದು ಹಳ್ಳಿಯಲ್ಲಿ ಇದನ್ನು ನಾವು ಕಣ್ಣಾರೆ ಕಂಡೆವು. ಬೀದರಿನಿಂದ ಹೊಸ ಗೀಸರು ತರುವುದೆಂದು ಮನೆಯವರು ನಿಶ್ಚಯಿಸಿಯಾಗಿತ್ತು. ಹಳೆಯದನ್ನು ಇಳಿಸಿಕೊಡಲೆಂದು ಜಹೀರಾಬಾದಿನಿಂದ ಮೆಕ್ಯಾನಿಕನೊಬ್ಬನನ್ನು ಕರೆಸಿದ್ದರು. ಅವನು ಕರೆಂಟು ತೆಗೆಸಿ, ನೀರು ಬಸಿದು, ಗೀಸರನ್ನು ಗೋಡೆಯಿಂದಿಳಿಸಿ ಹಾಸುಗಲ್ಲಿನ ಮೇಲೆ ಬೋರಲು ಹಾಕಿ, ಬುಡದ ಮುಚ್ಚಳದ ನಟ್ಟುಗಳನ್ನು ಒಂದೊಂದಾಗಿ ಬಿಚ್ಚಿದನು. ಮುಚ್ಚಳದೊಡನೆ ಹೊರಬಂದ ಕಾಯಿಲು ಬೆರಳಿನ ಗಾತ್ರದ್ದಾಗಿರಬೇಕಾದುದು ಮೆಕ್ಕೆಜೋಳದ ತೆನೆಯಷ್ಟು ದಪ್ಪವಾಗಿ, ಒರಟಾಗಿ, ಬೂದುಬಿಳಿಯಾಗಿತ್ತು. ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ಬಡಿದೊಡನೆ ಸುಣ್ಣದ ಚಕ್ಕೆಗಳು ಕಳಚಿ ಬಿದ್ದು, ಅವುಗಳ ಒಳಮೈಯಲ್ಲಿ ಕಾಯಿಲಿನ ಸುರುಳಿಯ ಗುರುತು ಅಚ್ಚೊತ್ತಿದಂತೆ ಕಾಣಿಸಿತು. ತೊಟ್ಟಿಯೊಳಗೆ ಕೈಹಾಕಿ ಅವನು ಎರಡು ಬೊಗಸೆ ಚಕ್ಕೆಯನ್ನು ತೆಗೆದನು. ಬಳಿಕ ಟಾರ್ಚು ಹಿಡಿದು ಒಳಗೆಲ್ಲ ನೋಡಿ, ಬಾಗಿಲಲ್ಲಿ ನಿಂತಿದ್ದ ಮನೆಯ ಹಿರಿಯಾಕೆಗೆ ಹೇಳಿದನು:

"ಅವ್ವಾ, ಟ್ಯಾಂಕಿ ಗಟ್ಟಿ ಅದ ನೋಡ್ರಿ. ಕಾಯಿಲ್ ಒಂದೇ ಹೋಗ್ಯಾದ."

"ಹಂಗಂದ್ರ ಹೊಸಾದು ಬ್ಯಾಡೇನಪ್ಪಾ?"

"ಬ್ಯಾಡ್ರಿ ಅವ್ವಾ. ಈ ಬೋರಿನ ನೀರ ಬಿಡೂದು ನಿಲ್ಲಸ್ರಿ, ಇನ್ನಾ ನಾಕ ವರ್ಷ ನಡೀತದ."

ಅದೇ ಮನೆಯ ಅಂಗಳದಲ್ಲಿ ಮಿಷನ್ ಭಗೀರಥದ ನಲ್ಲಿ ಇತ್ತು. 2016ರಲ್ಲಿ ಉದ್ಘಾಟನೆಗೊಂಡ ಆ ಯೋಜನೆಯು ಗ್ರಾಮಗಳಲ್ಲಿ ತಲೆಗೆ ದಿನಕ್ಕೆ 100 ಲೀಟರಿನಂತೆ ನದಿ ಜಲಾಶಯಗಳ ಶುದ್ಧೀಕರಿಸಿದ ನೀರನ್ನು ಮನೆಮನೆಗೆ ಮುಟ್ಟಿಸುವ ಉದ್ದೇಶವುಳ್ಳದ್ದು. ಈ ಭಾಗಕ್ಕೆ ಬರುವುದು ಮಂಜೀರಾ ನದಿಯ ಸಿಂಗೂರು ಜಲಾಶಯದ ನೀರು. ಮಳೆಯಿಂದ ತುಂಬುವ ಜಲಾಶಯದ ನೀರು ಸಾಮಾನ್ಯವಾಗಿ ಆಳದ ಬೋರಿನ ನೀರಿಗಿಂತ ಮೃದು. ಆ ಮನೆಯವರು ನಲ್ಲಿಯ ನೀರನ್ನು ಕುಡಿಯಲು ಹಿಡಿದುಕೊಂಡು, ಮಾಳಿಗೆಯ ತೊಟ್ಟಿಗೆ ಬೋರಿನ ನೀರನ್ನು ಏರಿಸುತ್ತಿದ್ದರು. ಗೀಸರಿಗೆ ಹೋಗುತ್ತಿದ್ದುದು ಮಾಳಿಗೆಯ ನೀರು. ನಲ್ಲಿಯ ನೀರಿಗೆ ಮಾಳಿಗೆಯ ಮೇಲೆ ಬೇರೊಂದು ಚಿಕ್ಕ ತೊಟ್ಟಿಯನ್ನಿಟ್ಟು, ಅಲ್ಲಿಂದ ಗೀಸರಿಗೆ ಪೈಪು ಎಳೆಯುವುದಕ್ಕೆ ಆಗುವ ವೆಚ್ಚ ಹೊಸ ಗೀಸರಿನ ಅರ್ಧಬೆಲೆಯನ್ನೂ ಮುಟ್ಟುವುದಿಲ್ಲ. ಅದೂ ಆಗದಿದ್ದವರು ವರ್ಷಕ್ಕೊಮ್ಮೆ, ಚಳಿ ಬರುವುದಕ್ಕೆ ಮುಂಚೆ, ಯಂತ್ರವನ್ನು ಬಿಚ್ಚಿಸಿ ತೊಳೆಸತಕ್ಕದ್ದು. ಕಿರಾಣಿ ಅಂಗಡಿಯಲ್ಲಿ ನಿಂಬೂಸತ್ತು ಎಂದು ದೊರೆಯುವ ಸಿಟ್ರಿಕ್ ಆಮ್ಲವನ್ನು ಬಿಸಿನೀರಿನಲ್ಲಿ ಕರಗಿಸಿ ಕಾಯಿಲನ್ನು ನೆನೆಹಾಕಿದರೆ ಸುಣ್ಣ ಬುರುಗಿಟ್ಟು ಬಿಡುತ್ತದೆ. ಥರ್ಮೋಸ್ಟಾಟಿನ ತಿರುಗಣೆಯನ್ನು ಕೊನೆಯವರೆಗೆ ತಿರುಗಿಸದೆ 55 ಡಿಗ್ರಿಯ ಆಸುಪಾಸಿಗೆ ನಿಲ್ಲಿಸುವುದೂ ಉಪಯುಕ್ತ; ನೀರು ಹೆಚ್ಚು ಕಾದಷ್ಟೂ ಸುಣ್ಣ ಬೇಗ ಕಟ್ಟುತ್ತದೆ.

ಇನ್ನು ಹಣದ ಲೆಕ್ಕ. ಇಲ್ಲಿ ಹೇಳುವ ಅಂಕಿಗಳು ಇತ್ತೀಚಿನ ಪೇಟೆಯ ಸುಮಾರು ದರಗಳು. ಊರಿಂದೂರಿಗೆ, ಅಂಗಡಿಯಿಂದಂಗಡಿಗೆ ಹೆಚ್ಚುಕಡಮೆ ಇದ್ದೇ ಇರುತ್ತದೆ. ಕಾಯಿಲಿಗೆ 500ರಿಂದ 900 ರೂಪಾಯಿ, ಥರ್ಮೋಸ್ಟಾಟಿಗೆ 250ರಿಂದ 500, ಮುಚ್ಚಳದ ರಬ್ಬರು ವಾಷರಿಗೆ ಒಂದು ನೂರರ ಒಳಗೆ, ಮೆಕ್ಯಾನಿಕನ ಕೂಲಿಗೆ ಮುನ್ನೂರು ನಾನೂರು. ಎಲ್ಲವನ್ನೂ ಕೂಡಿಸಿದರೆ ಸಾವಿರದಿಂದ ಎರಡು ಸಾವಿರದೊಳಗೆ ಕೆಟ್ಟ ಯಂತ್ರ ಎದ್ದು ನಿಲ್ಲುತ್ತದೆ. ನೀರು ಬಿಸಿಯಾಗದಿದ್ದರೆ, ಅಥವಾ ಅತಿಯಾಗಿ ಕುದಿದರೆ, ಅಥವಾ ಮುಚ್ಚಳದ ಅಂಚಿನಿಂದ ಹನಿ ತೊಟ್ಟಿಕ್ಕಿದರೆ ಇಷ್ಟೇ ಖರ್ಚು. ತೊಟ್ಟಿಯೇ ತೂತಾಗಿ, ಹೊರಕವಚದ ಸಂದಿಯಿಂದ ತುಕ್ಕಿನ ಬಣ್ಣದ ನೀರು ಇಳಿಯತೊಡಗಿದರೆ ಮಾತ್ರ ಬೇರೆ ದಾರಿಯಿಲ್ಲ. ಲೇಪವುಳ್ಳ ತೊಟ್ಟಿಗೆ ಬೆಸುಗೆ ಹಾಕಿಸುವುದು ವ್ಯರ್ಥ, ಬೆಸುಗೆಯ ಶಾಖಕ್ಕೆ ಸುತ್ತಲಿನ ಲೇಪವೂ ಉದುರುತ್ತದೆ. ಆಗ 15 ಲೀಟರಿನ ಹೊಸ ಗೀಸರಿಗೆ ಆರರಿಂದ ಹತ್ತು ಸಾವಿರ, 25 ಲೀಟರಿನದಕ್ಕೆ ಎಂಟರಿಂದ ಹದಿಮೂರು ಸಾವಿರ, ಎರಡು ಜೋಡಣೆಯ ಪೈಪುಗಳಿಗೂ ಬಿಡಿಭಾಗಗಳಿಗೂ ಮುನ್ನೂರು ನಾನೂರು, ಕೂರಿಸುವ ಕೂಲಿ ಐನೂರು. ಉದ್ಯೋಗ ಖಾತರಿ ಯೋಜನೆಯಲ್ಲಿ ತೆಲಂಗಾಣದ ದಿನಗೂಲಿ 2024–25ರಲ್ಲಿ 300 ರೂಪಾಯಿ ಇತ್ತು. ಒಂಬತ್ತು ಸಾವಿರದ ಗೀಸರೆಂದರೆ ಕೂಲಿಕಾರನೊಬ್ಬನ ಮೂವತ್ತು ದಿನದ ದುಡಿಮೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಬಿಚ್ಚಿ ನೋಡದೆಯೇ ಹೊಸದನ್ನು ಕೊಳ್ಳಿರೆಂದು ಹೇಳುವವನು ಎಂಥ ಮಾತನ್ನು ಆಡುತ್ತಿದ್ದಾನೆಂಬುದು ಸ್ಪಷ್ಟವಾಗುತ್ತದೆ.

ದೊಡ್ಡದೇ ಇರಲಿ ಎಂಬ ಆಸೆಯೂ ಅನೇಕರನ್ನು ಖರ್ಚಿಗೆ ಎಳೆಯುತ್ತದೆ. 15 ಲೀಟರು ನೀರನ್ನು 20 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಸುಮಾರು 0.7 ಯೂನಿಟ್ ವಿದ್ಯುತ್ತು ಬೇಕು. ಎರಡು ಕಿಲೋವಾಟಿನ ಕಾಯಿಲಿಗೆ ಅದು ಇಪ್ಪತ್ತೊಂದು ನಿಮಿಷದ ಕೆಲಸ. ಆ ನೀರಿಗೆ ಅಷ್ಟೇ ತಣ್ಣೀರು ಬೆರೆಸಿದರೆ 40 ಡಿಗ್ರಿಯ 30 ಲೀಟರು ಜಳಕದ ನೀರಾಗುತ್ತದೆ, ಎಂದರೆ ಎರಡು ಬಕೆಟ್ಟು. ಒಬ್ಬರ ಹಿಂದೊಬ್ಬರು ಜಳಕಕ್ಕೆ ಹೋಗುವ ನಾಲ್ಕು ಜನರ ಮನೆಗೆ ಇದು ಸಾಕಾಗುತ್ತದೆ.

ಆದರೆ ಇಪ್ಪತ್ತೊಂದು ನಿಮಿಷವೆಂಬ ಲೆಕ್ಕ 230 ವೋಲ್ಟು ಇರುವ ಮನೆಯದು. ವೋಲ್ಟೇಜು 180ಕ್ಕೆ ಇಳಿದರೆ ಅದೇ ಕಾಯಿಲಿನ ಶಕ್ತಿ 1,200 ವಾಟಿನ ಸಮೀಪಕ್ಕೆ ಕುಗ್ಗಿ, ಅದೇ ಕೆಲಸಕ್ಕೆ ಅರ್ಧ ಗಂಟೆಗೂ ಮಿಕ್ಕ ಕಾಲ ಹಿಡಿಯುತ್ತದೆ. ಬೆಳಗಿನ ಹೊತ್ತು ವೋಲ್ಟೇಜು ಬೀಳುವ ಹಳ್ಳಿಗಳಲ್ಲಿ ಗೀಸರು ಹಳತಾಯಿತು, ನೀರು ಬೇಗ ಕಾಯುತ್ತಿಲ್ಲ ಎಂದು ಯಂತ್ರವನ್ನು ದೂರುವವರು ಮೊದಲು ಇದನ್ನು ಪರೀಕ್ಷಿಸಬೇಕು. ಹೊಸ ಯಂತ್ರವೂ ಅಲ್ಲಿ ಹಾಗೆಯೇ ನಿಧಾನಿಸುತ್ತದೆ.

ತಂತಿಯ ವಿಷಯದಲ್ಲಿ ಮಾತ್ರ ಹಣ ಉಳಿಸಬಾರದು. ಎರಡು ಕಿಲೋವಾಟಿನ ಯಂತ್ರ ಒಂಬತ್ತು ಆಂಪಿಯರಿನಷ್ಟು ವಿದ್ಯುತ್ತನ್ನು ಎಳೆಯುತ್ತದೆ. ಅದಕ್ಕೆ 16 ಆಂಪಿಯರಿನ ಪ್ರತ್ಯೇಕ ಸಾಕೆಟ್ಟು, ಕನಿಷ್ಠಪಕ್ಷ ಎರಡೂವರೆ ಚದರ ಮಿಲಿಮೀಟರಿನ ತಾಮ್ರದ ತಂತಿ, ಸರಿಯಾದ ಅರ್ಥಿಂಗು, ಸೋರಿಕೆಯಾದೊಡನೆ ಕರೆಂಟನ್ನು ಕತ್ತರಿಸುವ 30 ಮಿಲಿಆಂಪಿಯರಿನ ಸುರಕ್ಷಾ ಸ್ವಿಚ್ಚು ಇರಲೇಬೇಕು. ಹಳೆಯ ಮನೆಯಲ್ಲಿ ಇವನ್ನೆಲ್ಲ ಮಾಡಿಸಲು ಎರಡು ಮೂರು ಸಾವಿರ ಹೆಚ್ಚು ತಗಲಬಹುದು. ಈ ವೆಚ್ಚಕ್ಕೆ ಹೆದರಿ ಎಷ್ಟೋ ಬಡ ಮನೆಗಳು ಆರೇಳುನೂರು ರೂಪಾಯಿಯ ಹೀಟರ್ ರಾಡಿಗೆ ಶರಣಾಗಿವೆ. ನೀರಿನಲ್ಲಿ ರಾಡು ಇಳಿಬಿಟ್ಟು, ಸ್ವಿಚ್ಚು ಆರಿಸದೆಯೇ ಬಿಸಿಯಾಯಿತೇ ಎಂದು ಕೈಹಾಕಿ ನೋಡಿದ ಒಂದು ಕ್ಷಣದಲ್ಲಿ ಜೀವ ಹೋಗುತ್ತದೆ. ರಾಡು ಬಳಸಲೇಬೇಕಾದವರು ಪ್ಲಾಸ್ಟಿಕ್ಕಿನ ಬಕೆಟ್ಟನ್ನೇ ಬಳಸಲಿ, ಪ್ಲಗ್ಗನ್ನು ಪೂರ್ತಿ ಕಿತ್ತ ಮೇಲೆಯೇ ನೀರು ಮುಟ್ಟಲಿ, ಮಕ್ಕಳನ್ನು ಹತ್ತಿರ ಬಿಡದಿರಲಿ. ಗ್ಯಾಸು ಗೀಸರು ಕೊಳ್ಳುವವರಿಗೂ ಒಂದು ಮಾತು: ಗಾಳಿಯಾಡದ ಬಚ್ಚಲಿನಲ್ಲಿ ಅದು ಉರಿದರೆ ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡು ತುಂಬಿಕೊಂಡು ಸ್ನಾನ ಮಾಡುವವರು ಪ್ರಜ್ಞೆ ತಪ್ಪಿ ಬೀಳುತ್ತಾರೆ. ಅದನ್ನು ಬಚ್ಚಲಿನ ಹೊರಗೆ ಕೂರಿಸಿ, ಪೈಪಿನ ಮೂಲಕ ನೀರನ್ನು ಮಾತ್ರ ಒಳಗೆ ತರತಕ್ಕದ್ದು.

ಯಂತ್ರ ಗೋಡೆಗೇರಿದ ಮೇಲೆ ತಿಂಗಳ ವೆಚ್ಚ ಆರಂಭವಾಗುತ್ತದೆ. ತೆಲಂಗಾಣದ ಗಡಿಯೊಳಗಿನ ನಮ್ಮ ಜನ ಈ ಲೆಕ್ಕವನ್ನು ವಿಶೇಷವಾಗಿ ಗಮನಿಸಬೇಕು. ನಾಲ್ಕು ಜನರ ಮನೆಯ ಗೀಸರು, ನೀರನ್ನು ಕಾಯಿಸುವುದಕ್ಕೂ, ಸ್ವಿಚ್ಚು ಹಾಕಿಯೇ ಬಿಟ್ಟಾಗ ಸುಮ್ಮನೆ ಆರಿಹೋಗುವ ಶಾಖಕ್ಕೂ ಸೇರಿ, ಚಳಿಗಾಲದಲ್ಲಿ ತಿಂಗಳಿಗೆ 50ರಿಂದ 70 ಯೂನಿಟ್ ತೆಗೆದುಕೊಳ್ಳುತ್ತದೆ. ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ, 2024ರ ಮಾರ್ಚಿನಿಂದ, ಆಹಾರಭದ್ರತಾ ಕಾರ್ಡುಳ್ಳ ಮನೆಗಳಿಗೆ ತಿಂಗಳಿಗೆ 200 ಯೂನಿಟ್ ವರೆಗೆ ಬಿಲ್ಲು ಇಲ್ಲ. 200 ದಾಟಿದರೆ ದಾಟಿದ ಯೂನಿಟ್ಟುಗಳಿಗೆ ಮಾತ್ರವಲ್ಲ, ಪೂರ್ತಿ ಬಿಲ್ಲಿಗೂ ಹಣ ಕಟ್ಟಬೇಕು. 150 ಯೂನಿಟ್ ಬಳಸುವ ಮನೆಗೆ ಗೀಸರು 60 ಸೇರಿಸಿದರೆ 210 ಆಯಿತು. 2022ರ ದರಪಟ್ಟಿಯ ಪ್ರಕಾರ 200 ದಾಟಿದ ಮನೆಗೆ ಮೊದಲ 200 ಯೂನಿಟ್ಟಿಗೆ 5 ರೂಪಾಯಿ 10 ಪೈಸೆಯಂತೆ, ಮುಂದಿನ ಯೂನಿಟ್ಟಿಗೆ 7 ರೂಪಾಯಿ 70 ಪೈಸೆಯಂತೆ ಬೀಳುತ್ತದೆ. ಸೊನ್ನೆ ಇದ್ದ ಬಿಲ್ಲು ಇತರ ಶುಲ್ಕಗಳನ್ನು ಬಿಟ್ಟೂ 1,097 ರೂಪಾಯಿ ಆಗುತ್ತದೆ. ಕಾರ್ಡಿಲ್ಲದ ಮನೆಯಲ್ಲಿಯೂ 150 ಯೂನಿಟ್ಟಿಗೆ 580 ಇದ್ದದ್ದು 1,097ಕ್ಕೆ ಏರುತ್ತದೆ. ಎಂದರೆ ಗೀಸರಿನ ಪ್ರತಿಯೊಂದು ಯೂನಿಟ್ಟಿಗೆ ಎಂಟೂವರೆ ರೂಪಾಯಿ ತೆತ್ತಂತೆ. ನಾಲ್ಕು ತಿಂಗಳ ಚಳಿಗಾಲ ಹೀಗೆ ಸಾಗಿದರೆ ಕಾರ್ಡುಳ್ಳ ಮನೆಯ ನಷ್ಟ ನಾಲ್ಕು ಸಾವಿರವನ್ನು ದಾಟುತ್ತದೆ. ಎರಡು ಚಳಿಗಾಲಕ್ಕೆ ಒಂದು ಗೀಸರಿನ ಬೆಲೆ. ಜಳಕಕ್ಕೆ ಇಪ್ಪತ್ತು ನಿಮಿಷ ಮುಂಚೆ ಹಾಕಿ, ಮುಗಿದೊಡನೆ ಆರಿಸುವ ಅಭ್ಯಾಸವೊಂದರಿಂದಲೇ ಅನೇಕ ಮನೆಗಳು 200ರ ಒಳಗೆ ಉಳಿಯಬಲ್ಲವು. ಹೊಸದನ್ನು ಕೊಳ್ಳುವಾಗ ಹೆಚ್ಚು ನಕ್ಷತ್ರಗಳ ಗುರುತುಳ್ಳದ್ದನ್ನು ಆರಿಸುವುದಕ್ಕೂ ಇದೇ ಕಾರಣ: ಆ ನಕ್ಷತ್ರಗಳು ಅಳೆಯುವುದು ಸುಮ್ಮನಿರುವಾಗ ಯಂತ್ರ ಕಳೆದುಕೊಳ್ಳುವ ಶಾಖವನ್ನು.

ಸೂರ್ಯನ ಬಿಸಿಲಿಗೆ ನಮ್ಮಲ್ಲಿ ಬರವಿಲ್ಲ. ಸ್ವಂತ ಮಾಳಿಗೆಯುಳ್ಳ, ಒಮ್ಮೆಗೆ ಇಪ್ಪತ್ತು ಇಪ್ಪತ್ತೈದು ಸಾವಿರ ಹೂಡಬಲ್ಲ ಮನೆಗೆ 100 ಲೀಟರಿನ ಸೋಲಾರು ವ್ಯವಸ್ಥೆ ಉತ್ತಮವೆಂಬುದೇ ನಮ್ಮ ಅಭಿಪ್ರಾಯ. 2025ರ ಸೆಪ್ಟೆಂಬರಿನಿಂದ ಸೋಲಾರು ಹೀಟರಿನ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಿದೆ. ವಿದ್ಯುತ್ ಗೀಸರಿನ ಮೇಲೆ ಶೇಕಡಾ 18 ಇದೆ. ಆದರೆ ಗಾಜಿನ ಕೊಳವೆಗಳಲ್ಲಿಯೂ ಸುಣ್ಣ ಕಟ್ಟುತ್ತದೆಂಬುದನ್ನು ಮರೆಯಬಾರದು. ತಾಂಡೂರಿನ ಬೋರಿನ ನೀರನ್ನೇ ಅದಕ್ಕೂ ಬಿಟ್ಟರೆ ಅದಕ್ಕೂ ಅದೇ ಗತಿ.

ಈಗ ಗಡಿಯ ಪ್ರಶ್ನೆ. ಬೀದರಿನಲ್ಲಿ ಕೊಂಡ ಯಂತ್ರ ಝರಾಸಂಗಂನಲ್ಲಿ ಕೆಟ್ಟು, ಅಂಗಡಿಯವನು ಕಂಪನಿಯ ಕಡೆಗೂ, ಕಂಪನಿಯವರು ಹೈದರಾಬಾದಿನ ಸರ್ವಿಸು ಸೆಂಟರಿನ ಕಡೆಗೂ ಕೈತೋರಿಸುತ್ತಿದ್ದರೆ, ಗ್ರಾಹಕನು ಬೀದರಿಗೆ ಅಲೆಯಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡುವ ಹಕ್ಕನ್ನು ಅವನಿಗೆ ಕೊಟ್ಟಿದೆ. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಝರಾಸಂಗಂ, ನಾರಾಯಣಖೇಡದವರು ಸಂಗಾರೆಡ್ಡಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಅದಕ್ಕೂ ಮೊದಲು 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರವಾಣಿ ಮಾಡಿದರೆ ಕನ್ನಡದಲ್ಲಿಯೇ ದೂರು ಹೇಳಿಕೊಳ್ಳಲು ಅವಕಾಶವುಂಟು. ಇದಕ್ಕೆಲ್ಲ ಬೇಕಾದುದು ಬಿಲ್ಲು. ನೂರಿನ್ನೂರು ಉಳಿಯುತ್ತದೆಂದು ಬಿಲ್ಲಿಲ್ಲದೆ ಕೊಳ್ಳುವವನು ಈ ಹಕ್ಕನ್ನೇ ಆ ನೂರಿನ್ನೂರಕ್ಕೆ ಮಾರಿಕೊಂಡಂತಾಗುತ್ತದೆ.

ಬಿಲ್ಲಿನ ಜೊತೆಗೆ ವಾರಂಟಿ ಕಾರ್ಡನ್ನು ಓದಿಸಿ ಕೇಳಬೇಕು. ಸಾಮಾನ್ಯವಾಗಿ ಇಡೀ ಯಂತ್ರಕ್ಕೆ ಎರಡು ವರ್ಷ, ತೊಟ್ಟಿಗೆ ಐದು ಅಥವಾ ಏಳು ವರ್ಷವೆಂದು ದೊಡ್ಡ ಅಕ್ಷರಗಳಲ್ಲಿರುತ್ತದೆ. ಗಡಸುನೀರಿನಿಂದಾದ ಹಾನಿಗೆ ಜವಾಬ್ದಾರಿಯಿಲ್ಲವೆಂಬ ಷರತ್ತು ಅನೇಕ ಕಾರ್ಡುಗಳಲ್ಲಿ ಸಣ್ಣ ಅಕ್ಷರಗಳಲ್ಲಿರುತ್ತದೆ. ಸುಣ್ಣದಕಲ್ಲಿನ ನೆಲದ ಮೇಲೆ ಮನೆ ಕಟ್ಟಿಕೊಂಡವನಿಗೆ ಈ ಷರತ್ತಿನ ಎದುರು ದೊಡ್ಡ ಅಕ್ಷರಗಳ ಭರವಸೆಗೆ ಏನೂ ಬೆಲೆಯಿಲ್ಲ. ತಯಾರಕರಲ್ಲಿ ನಮ್ಮ ಪ್ರಾರ್ಥನೆ ಇದು: ಯಂತ್ರವು ಎಷ್ಟು ಗಡಸುತನದ ನೀರನ್ನು ತಾಳಬಲ್ಲದು, ಅನೋಡು ರಾಡನ್ನು ಯಾವಾಗ ಬದಲಿಸಬೇಕು ಎಂಬ ಎರಡು ಸಂಗತಿಗಳನ್ನು ಪೆಟ್ಟಿಗೆಯ ಹೊರಮೈಮೇಲೆ, ಬೆಲೆಯ ಪಕ್ಕದಲ್ಲಿ, ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಅಚ್ಚುಮಾಡಿರಿ. ಓದುಗರಲ್ಲಿ ನಮ್ಮ ಕೋರಿಕೆ ಅದಕ್ಕಿಂತ ಚಿಕ್ಕದು: ಈ ವರ್ಷ ದೀಪಾವಳಿ ಕಳೆದು ಚಳಿ ಬಲಿಯುವುದರೊಳಗೆ ಮೆಕ್ಯಾನಿಕನನ್ನು ಕರೆಸಿ, ನಿಮ್ಮ ಕಣ್ಣೆದುರಿನಲ್ಲಿ ಗೀಸರಿನ ಮುಚ್ಚಳ ಬಿಚ್ಚಿಸಿ ನೋಡಿರಿ, ಹೊಸದು ಬೇಕೋ ಬೇಡವೋ ಎಂಬುದನ್ನು ಆಮೇಲೆ ನಿಶ್ಚಯಿಸಿರಿ.